ಉಷ್ಣಚಿತ್ರವೆಂಬ ಸಾಕ್ಷ್ಯ: ಪಶುರೋಗ ನಿದಾನದ ಒಂದು ವಿಧಾನದ ವಿಮರ್ಶೆ

1

ಪ್ರಾಣಿಯ ಮೈಯಿಂದ ಹೊರಸೂಸುವ ಶಾಖವನ್ನು ದೂರದಿಂದಲೇ ಗ್ರಹಿಸಿ, ಅದನ್ನು ಬಣ್ಣಗಳ ಚಿತ್ರವಾಗಿ ಮಾರ್ಪಡಿಸಿ ತೋರಿಸುವ ಉಪಕರಣಕ್ಕೆ ಉಷ್ಣಚಿತ್ರ ಕ್ಯಾಮರಾ ಎಂದು ಹೆಸರು. ಕಳೆದ ಕೆಲವು ದಶಕಗಳಲ್ಲಿ ಈ ಉಪಕರಣವನ್ನು ದನ, ಎಮ್ಮೆ, ಕುರಿ, ಹಂದಿ ಮೊದಲಾದ ಸಾಕುಪ್ರಾಣಿಗಳ ಆರೋಗ್ಯಪರೀಕ್ಷೆಗೆ ಬಳಸುವ ಪ್ರಯತ್ನವು ಹಲವು ದೇಶಗಳಲ್ಲಿ ನಡೆದಿದೆ. ಈ ವಿಷಯವಾಗಿ ಪ್ರಕಟವಾಗಿರುವ ಸಂಶೋಧನ ಪ್ರಬಂಧಗಳೂ, ಅವುಗಳನ್ನು ಆಧರಿಸಿದ ಜನಪ್ರಿಯ ಬರಹಗಳೂ, ತಯಾರಕರ ಪ್ರಚಾರಪತ್ರಗಳೂ ಒಟ್ಟಿನಲ್ಲಿ ಮೂರು ವಾದಗಳನ್ನು ಮುಂದಿಡುತ್ತವೆ. ಮೊದಲನೆಯದು, ರೋಗದ ಲಕ್ಷಣಗಳು ಕಣ್ಣಿಗೆ ಬೀಳುವ ಮೊದಲೇ ಕ್ಯಾಮರಾ ರೋಗವನ್ನು ಕಾಣುತ್ತದೆ ಎಂಬುದು. ಎರಡನೆಯದು, ಪ್ರಾಣಿಯನ್ನು ಮುಟ್ಟದೆ, ಹಿಡಿಯದೆ, ಕಟ್ಟಿಹಾಕದೆ ಪರೀಕ್ಷೆ ನಡೆಸಬಹುದು ಎಂಬುದು. ಮೂರನೆಯದು, ಯಂತ್ರವು ಕೊಡುವುದು ಸಂಖ್ಯೆಯಾದಕಾರಣ ಸಾಕುವವರ ಅಥವಾ ವೈದ್ಯರ ಸ್ವಂತ ಅಭಿಪ್ರಾಯಕ್ಕೆ ಇಲ್ಲಿ ಎಡೆಯಿಲ್ಲ ಎಂಬುದು.

ಇತಿಹಾಸದ ಅಧ್ಯಾಪಕರಿಗೆ ಪಶುವೈದ್ಯದ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರವಿಲ್ಲ. ಆದರೆ ಒಂದು ಚಿತ್ರವನ್ನೋ ಬರಹವನ್ನೋ ಸಾಕ್ಷ್ಯವಾಗಿ ಒಪ್ಪುವ ಮುನ್ನ ಅದನ್ನು ಯಾವ ಪ್ರಶ್ನೆಗಳಿಗೆ ಒಳಪಡಿಸಬೇಕೆಂಬುದು ಇತಿಹಾಸಶಾಸ್ತ್ರಕ್ಕೆ ಚಿರಪರಿಚಿತವಾದ ವಿಷಯ. ಉಷ್ಣಚಿತ್ರವೂ ಒಂದು ದಾಖಲೆಯೇ. ಆದುದರಿಂದ ದಾಖಲೆಗೆ ಸಲ್ಲುವ ವಿಮರ್ಶೆ ಅದಕ್ಕೂ ಸಲ್ಲಬೇಕು. ಮೇಲಿನ ಮೂರು ವಾದಗಳಲ್ಲಿ ಮೊದಲನೆಯದು ಹೊಸದಲ್ಲ, ಅದು ಭಾಗಶಃ ಮಾತ್ರ ಸಿದ್ಧವಾಗಿದೆ. ಎರಡನೆಯದು ನಿಜವಾದ ಲಾಭ. ಮೂರನೆಯದು ಮಾತ್ರ ಒಪ್ಪತಕ್ಕದ್ದಲ್ಲ. ಇದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

2

ಮೈ ಮುಟ್ಟಿ ಜ್ವರ ನೋಡುವ ಪದ್ಧತಿಯು ಪಶುಪಾಲನೆಯಷ್ಟೇ ಹಳೆಯದಿರಬೇಕು. ದನದ ಕಿವಿಯ ಬುಡವನ್ನು ಮುಟ್ಟಿ ನೋಡುವುದು, ಮೂತಿಯ ಮೇಲಿನ ತೇವ ಆರಿದೆಯೇ ಎಂದು ಪರೀಕ್ಷಿಸುವುದು, ಮೆಲುಕು ನಿಂತಿದೆಯೇ ಎಂದು ಗಮನಿಸುವುದು ಇವೆಲ್ಲವೂ ನಮ್ಮ ಹಳ್ಳಿಗಳ ಕೊಟ್ಟಿಗೆಗಳಲ್ಲಿ ಇಂದಿಗೂ ನಡೆಯುತ್ತವೆ. ಶಾಖವನ್ನು ಸಂಖ್ಯೆಯಲ್ಲಿ ಅಳೆದು ರೋಗವನ್ನು ನಿರ್ಧರಿಸುವ ಕ್ರಮ ಮಾತ್ರ ಹತ್ತೊಂಬತ್ತನೆಯ ಶತಮಾನದ್ದು. ಇಂಗ್ಲೆಂಡಿನ ಕ್ಲಿಫರ್ಡ್ ಆಲ್‌ಬಟ್ 1860ರ ದಶಕದಲ್ಲಿ ಜೇಬಿನಲ್ಲಿಟ್ಟುಕೊಳ್ಳಬಹುದಾದ ಚಿಕ್ಕ ಉಷ್ಣಮಾಪಕವನ್ನು ರೂಪಿಸಿದರು. ರೋಗಗಳಲ್ಲಿ ಮೈಶಾಖದ ಏರಿಳಿತವನ್ನು ಕುರಿತ ಜರ್ಮನಿಯ ಕಾರ್ಲ್ ವುಂಡರ್‌ಲಿಖ್ ಅವರ ಗ್ರಂಥ 1868ರಲ್ಲಿ ಪ್ರಕಟವಾಯಿತು.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ದನಗಳ ದೊಡ್ಡರೋಗ, ಎಂದರೆ ರಿಂಡರ್‌ಪೆಸ್ಟ್, ಕಾಣಿಸಿಕೊಂಡಿತು. 1865ರ ಜೂನ್ ತಿಂಗಳಲ್ಲಿ ಲಂಡನ್ನಿನ ಹಾಲಿನ ಕೊಟ್ಟಿಗೆಗಳಲ್ಲಿ ಮೊದಲಾದ ಈ ಪಿಡುಗು ಕೆಲವೇ ತಿಂಗಳುಗಳಲ್ಲಿ ನಾಡಿನ ಬಹುಭಾಗಕ್ಕೆ ಹಬ್ಬಿತು. ಸರ್ಕಾರವು ವಿಚಾರಣೆಗಾಗಿ ಒಂದು ರಾಯಲ್ ಕಮಿಷನ್ನನ್ನು ನೇಮಿಸಿತು. ಅದರ ಪರವಾಗಿ ಪ್ರಯೋಗ ನಡೆಸಿದ ಜಾನ್ ಬರ್ಡನ್ ಸ್ಯಾಂಡರ್‌ಸನ್ ಅವರು ರೋಗದ ಸೋಂಕನ್ನು ದನಗಳಿಗೆ ಹಾಯಿಸಿ ದಿನದಿನವೂ ಅವುಗಳ ಶಾಖವನ್ನು ಅಳೆದರು. ಬಾಯಿಯ ಹುಣ್ಣು, ಕಣ್ಣಿನ ನೀರು, ಭೇದಿ ಮೊದಲಾದ ಯಾವ ಲಕ್ಷಣವೂ ಕಾಣಿಸಿಕೊಳ್ಳುವ ಒಂದೆರಡು ದಿನ ಮುಂಚೆಯೇ ಶಾಖ ಏರುತ್ತದೆಂಬುದು ಅವರಿಗೆ ಕಂಡುಬಂದಿತು. ಲಕ್ಷಣಕ್ಕೆ ಮುಂಚೆ ಶಾಖ ಎಂಬ ತತ್ತ್ವವು, ಎಂದರೆ ಇಂದಿನ ಉಷ್ಣಚಿತ್ರ ಸಾಹಿತ್ಯದ ಮೊದಲನೆಯ ವಾದವು, ಹೀಗೆ ಒಂದೂವರೆ ಶತಮಾನಕ್ಕೂ ಹಿಂದಿನದು.

ಆ ಅರಿವಿನಿಂದ ಆದ ಪ್ರಯೋಜನವೇನೆಂಬುದನ್ನೂ ಇಲ್ಲಿ ಗಮನಿಸಬೇಕು. 1866ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾಯಿದೆಯು ರೋಗ ತಗುಲಿದ ದನಗಳನ್ನು ಕಡ್ಡಾಯವಾಗಿ ಕೊಲ್ಲಿಸಿತು. ರೋಗವು ಅಡಗಿದ್ದು ವಧೆಯಿಂದಲೂ ಸಾಗಾಣಿಕೆಯ ನಿರ್ಬಂಧದಿಂದಲೂ. ರೋಗವನ್ನು ಮುಂಚಿತವಾಗಿ ತಿಳಿಯುವುದು ಬೇರೆ, ತಿಳಿದ ಮೇಲೆ ಆ ಪ್ರಾಣಿಯ ಗತಿ ಏನು ಎಂಬುದು ಬೇರೆ. ಉಷ್ಣಚಿತ್ರವನ್ನು ಕುರಿತ ಬರಹಗಳಲ್ಲಿ ಈ ಎರಡನೆಯ ಪ್ರಶ್ನೆಗೆ ದೊರೆತಿರುವ ಸ್ಥಳ ಬಹು ಸ್ವಲ್ಪ. ಉಷ್ಣಮಾಪಕಕ್ಕೆ ಒಂದು ದೊಡ್ಡ ಅಡಚಣೆಯೂ ಇತ್ತು: ಪ್ರತಿಯೊಂದು ದನವನ್ನೂ ಹಿಡಿದು ನಿಲ್ಲಿಸಿ ಅಳೆಯಬೇಕಾಗಿತ್ತು. ಈ ಅಡಚಣೆಯನ್ನು ನಿವಾರಿಸಿದ್ದೇ ಉಷ್ಣಚಿತ್ರದ ನಿಜವಾದ ಹೊಸತನ. ಆದರೆ ಆ ನಿವಾರಣೆಯು ಪಶುವೈದ್ಯರ ಕೈಯಿಂದ ಬಂದುದಲ್ಲ.

3

ಕ್ಯಾಮರಾದ ವಂಶಾವಳಿ ಬೇರೆಯೇ ಆಗಿದೆ. 1800ರಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಕೆಂಪು ಬಣ್ಣದ ಆಚೆಗೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕವನ್ನಿಟ್ಟಾಗ ಅಲ್ಲಿಯೂ ಶಾಖ ಏರಿದ್ದನ್ನು ಕಂಡರು. ಇನ್‌ಫ್ರಾರೆಡ್ ಎಂದು ಪ್ರಸಿದ್ಧವಾದ ಅವಕೆಂಪು ಕಿರಣಗಳ ಶೋಧನೆ ಇದು. ಅವರ ಮಗ ಜಾನ್ ಹರ್ಷೆಲ್ 1840ರಲ್ಲಿ ಮಸಿ ಹಿಡಿಸಿದ ಕಾಗದವನ್ನು ಮದ್ಯಸಾರದಲ್ಲಿ ತೋಯಿಸಿ, ಅದು ಆರುವ ವೇಗದ ವ್ಯತ್ಯಾಸದಿಂದ ಶಾಖದ ಚಿತ್ರವೊಂದನ್ನು ಪಡೆದರು. ಇಟಲಿಯ ಮೆಲ್ಲೋನಿ ತಮ್ಮ ಉಷ್ಣವಿದ್ಯುತ್ ಉಪಕರಣದಿಂದ ಹಲವು ಅಡಿಗಳಾಚೆ ನಿಂತ ಮನುಷ್ಯನ ಮೈಶಾಖವನ್ನು ಗುರುತಿಸಿದರು. ಅಮೆರಿಕದ ಖಗೋಳಜ್ಞ ಸ್ಯಾಮ್ಯುಯಲ್ ಲ್ಯಾಂಗ್ಲಿ 1880ರ ಸುಮಾರಿಗೆ ಬೋಲೋಮೀಟರ್ ಎಂಬ ಸೂಕ್ಷ್ಮವಾದ ಉಪಕರಣವನ್ನು ರಚಿಸಿದರು. ಅದು ಮುಂದೆ ಸುಧಾರಿಸಿದ ಮೇಲೆ ಕಾಲು ಮೈಲಿ ದೂರದಲ್ಲಿ ನಿಂತ ಹಸುವಿನ ಶಾಖವನ್ನೂ ತಿಳಿಯಬಲ್ಲದಾಗಿತ್ತೆಂಬ ಮಾತು ಈ ವಿಷಯದ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಈ ಕಡೆಯ ಮಾತು ಕುತೂಹಲಕರವಾದುದು. ಹಸು ಇಲ್ಲಿ ಉಪಕರಣದ ಶಕ್ತಿಯನ್ನು ಹೇಳುವ ಅಳತೆಗೋಲಾಗಿ ಬಂದಿದೆಯೇ ಹೊರತು ರೋಗಿಯಾಗಿ ಬಂದಿಲ್ಲ. ಹಸುವಿಗೆ ಜ್ವರವಿದೆಯೇ ಎಂದು ಲ್ಯಾಂಗ್ಲಿ ಕೇಳಲಿಲ್ಲ. ಅವರ ದೃಷ್ಟಿ ಇದ್ದುದು ಸೂರ್ಯನ ಕಡೆಗೆ. ಇಪ್ಪತ್ತನೆಯ ಶತಮಾನದಲ್ಲಿ ಈ ವಿದ್ಯೆಯನ್ನು ಬೆಳೆಸಿದ್ದು ಮುಖ್ಯವಾಗಿ ಯುದ್ಧದ ಅಗತ್ಯ: ಕತ್ತಲಲ್ಲಿ ಶತ್ರುವಿನ ವಿಮಾನವನ್ನೂ ಸೈನಿಕನನ್ನೂ ಗುರುತಿಸುವುದು. 1965ರಲ್ಲಿ ಸ್ವೀಡನ್ನಿನ ಆಗಾ ಸಂಸ್ಥೆಯು ಮಾರಾಟಕ್ಕೆ ತಂದ ಉಪಕರಣವು ವಿದ್ಯುತ್ ತಂತಿಗಳ ದೋಷವನ್ನು ಕಂಡುಹಿಡಿಯುವುದಕ್ಕಾಗಿತ್ತು. ಅಮೆರಿಕದಲ್ಲಿ ಸೈನ್ಯದ ಹಣದಿಂದ ಹನಿವೆಲ್ ಸಂಸ್ಥೆ ಸಿದ್ಧಪಡಿಸಿದ ಮೈಕ್ರೋಬೋಲೋಮೀಟರ್ ತಂತ್ರವು 1992ರವರೆಗೆ ರಹಸ್ಯವಾಗಿದ್ದಿತು. ಅದು ಬಹಿರಂಗವಾದ ಮೇಲೆಯೇ ಶೀತಲೀಕರಣದ ಗೊಡವೆಯಿಲ್ಲದ, ಕೈಯಲ್ಲಿ ಹಿಡಿಯಬಹುದಾದ, ಬೆಲೆ ಇಳಿಯುತ್ತ ಬಂದ ಕ್ಯಾಮರಾಗಳು ಕೊಟ್ಟಿಗೆಯ ಬಾಗಿಲಿಗೆ ಬಂದುವು.

ಉಪಕರಣದ ಹುಟ್ಟು ಎಲ್ಲಿಯೋ ಆದುದರಿಂದ ಅದರ ಉಪಯೋಗ ಕೀಳಾಯಿತೆಂದು ಹೇಳುವುದು ಈ ಮಾತಿನ ತಾತ್ಪರ್ಯವಲ್ಲ. ಸುಟ್ಟುಹೋಗುತ್ತಿರುವ ತಂತಿಯ ಗಂಟಾಗಲಿ ಓಡುತ್ತಿರುವ ಎಂಜಿನ್ನಾಗಲಿ ತನ್ನ ಸುತ್ತಲಿಗಿಂತ ಹತ್ತಾರು ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ತನ್ನ ಶಾಖವನ್ನು ತಾನೇ ಹೊಂದಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ದನದ ರೋಗವು ಒಂದೆರಡು ಡಿಗ್ರಿಯ ವಿಷಯ. ಮೇಲಾಗಿ ದನವು ಬಿಸಿಲು, ಗಾಳಿ, ಮೇವು, ಭಯಗಳಿಗೆ ತಕ್ಕಂತೆ ತನ್ನ ಚರ್ಮದ ಶಾಖವನ್ನು ಕ್ಷಣಕ್ಷಣಕ್ಕೂ ಬದಲಿಸಿಕೊಳ್ಳುವ ಜೀವಿ. ತಂತಿಗೆ ಸಾಕಾದ ಸಾಕ್ಷ್ಯ ದನಕ್ಕೂ ಸಾಕೆಂದು ಭಾವಿಸಲಾಗದು.

4

ಹಾಗಾದರೆ ಉಷ್ಣಚಿತ್ರವು ದಾಖಲಿಸುವುದು ಏನನ್ನು? ಇದು ಬಹಿರಂಗ ವಿಮರ್ಶೆಯ ಮೊದಲ ಪ್ರಶ್ನೆ. ದನದ ಒಳಮೈ ಸುಮಾರು 38.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರುತ್ತದೆ; ಗುದದ್ವಾರದಲ್ಲಿಡುವ ಉಷ್ಣಮಾಪಕ ಅಳೆಯುವುದು ಇದನ್ನು. ಕ್ಯಾಮರಾ ಅಳೆಯುವುದು ಒಳಮೈಯನ್ನಲ್ಲ, ಮೇಲ್ಮೈಯಿಂದ ಹೊರಡುವ ಅವಕೆಂಪು ಕಿರಣಗಳನ್ನು. ಈ ಕಿರಣಗಳಿಂದ ಲೆಕ್ಕ ಹಾಕಿ ಶಾಖವನ್ನು ಊಹಿಸಬೇಕಾದರೆ ಆ ಮೇಲ್ಮೈ ಎಷ್ಟರಮಟ್ಟಿಗೆ ಕಿರಣಗಳನ್ನು ಹೊರಸೂಸುತ್ತದೆಂಬುದನ್ನು ಮೊದಲೇ ತಿಳಿದಿರಬೇಕು. ಒಣಗಿದ ಶುದ್ಧವಾದ ಚರ್ಮದ ವಿಷಯದಲ್ಲಿ ಇದು ಗೊತ್ತಿರುವ ಸಂಗತಿ. ಸಗಣಿ ಮೆತ್ತಿದ ತೊಡೆ, ಮಳೆಯಲ್ಲಿ ತೊಯ್ದ ಕೂದಲು, ಕೆಸರು ಹತ್ತಿದ ಗೊರಸು ಇವುಗಳ ವಿಷಯದಲ್ಲಿ ಲೆಕ್ಕ ತಪ್ಪುತ್ತದೆ. ನೀರು ಆರುವಾಗ ಚರ್ಮ ತಣ್ಣಗಾಗುತ್ತದೆ. ಬಿಸಿಲಿಗೆ ನಿಂತಿದ್ದ ಕಪ್ಪು ದನವು ಅದೇ ಬಿಸಿಲಿನ ಬಿಳಿ ದನಕ್ಕಿಂತ ಹೆಚ್ಚು ಬಿಸಿಯಾಗಿ ಕಾಣುತ್ತದೆ. ಕಣ್ಣಿನ ಒಳಮೂಲೆಯಲ್ಲಿ ಕೂದಲಿಲ್ಲದೆ ರಕ್ತನಾಳಗಳು ದಟ್ಟವಾಗಿರುವುದರಿಂದ ಹಲವು ಸಂಶೋಧಕರು ಆ ಭಾಗವನ್ನೇ ಆರಿಸಿಕೊಂಡಿದ್ದಾರೆ. ಅದು ವಿವೇಕದ ಆಯ್ಕೆ.

ಚಿತ್ರದ ಬಣ್ಣಗಳು ಪ್ರಾಣಿಯ ಮೈಯಲ್ಲಿಲ್ಲ. ಯಾವ ಶಾಖಕ್ಕೆ ಕೆಂಪು, ಯಾವುದಕ್ಕೆ ನೀಲಿ ಎಂಬುದನ್ನು ಯಂತ್ರವನ್ನು ಬಳಸುವವರು ಗೊತ್ತುಮಾಡುತ್ತಾರೆ. ಅಳತೆಯ ಎರಡು ತುದಿಗಳನ್ನು ಹತ್ತಿರಕ್ಕೆ ತಂದರೆ ಅರ್ಧ ಡಿಗ್ರಿಯ ವ್ಯತ್ಯಾಸವೂ ಉರಿಯುವ ಕೆಂಪಾಗಿ ಕಾಣಬಹುದು. ಕೈಯಲ್ಲಿ ಹಿಡಿಯುವ ಸಾಮಾನ್ಯ ಕ್ಯಾಮರಾಗಳ ಒಟ್ಟು ಅಳತೆಯಲ್ಲಿ ಎರಡು ಡಿಗ್ರಿಯಷ್ಟು ಹೆಚ್ಚುಕಡಮೆ ಇರಬಹುದೆಂದು ತಯಾರಕರೇ ತಮ್ಮ ವಿವರಪತ್ರಗಳಲ್ಲಿ ಒಪ್ಪುತ್ತಾರೆ. ಆದರೆ ಒಂದೇ ಚಿತ್ರದೊಳಗಿನ ಎರಡು ಬಿಂದುಗಳ ವ್ಯತ್ಯಾಸವನ್ನು ಅವು ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದವರೆಗೆ ಗುರುತಿಸಬಲ್ಲವು. ಆದಕಾರಣ ಒಂದೇ ಹಸುವಿನ ಎಡಗೆಚ್ಚಲನ್ನೂ ಬಲಗೆಚ್ಚಲನ್ನೂ ಹೋಲಿಸುವ ಚಿತ್ರಕ್ಕೆ ಇರುವ ಪ್ರಾಮಾಣ್ಯವು, ಈ ಹಸುವಿನ ಶಾಖ ಇಷ್ಟೇ ಎಂದು ಹೇಳುವ ಚಿತ್ರಕ್ಕೆ ಇಲ್ಲ. ಈ ಭೇದವನ್ನು ಜನಪ್ರಿಯ ಬರಹಗಳು ಮರೆತಿರುವುದು ಸಾಮಾನ್ಯ.

ಶಾಸನಗಳ ಅಧ್ಯಯನ ಮಾಡಿದವರಿಗೆ ಈ ಸ್ಥಿತಿ ಪರಿಚಿತವೇ. ಕಲ್ಲು ಬೇರೆ, ಅದರಿಂದ ತೆಗೆದ ಪಡಿಯಚ್ಚು ಬೇರೆ, ಆ ಅಚ್ಚನ್ನು ನೋಡಿ ಓದಿದ ಪಾಠ ಬೇರೆ. ಗಂಗರ ತಾಮ್ರಶಾಸನಗಳನ್ನು ಕುರಿತು ಫ್ಲೀಟರಿಗೂ ರೈಸರಿಗೂ ನಡೆದ ದೀರ್ಘವಾದವು, ಒಂದೇ ದಾಖಲೆಯನ್ನು ಮುಂದಿಟ್ಟುಕೊಂಡು ಇಬ್ಬರು ವಿದ್ವಾಂಸರು ವಿರುದ್ಧ ನಿರ್ಣಯಗಳಿಗೆ ಬರಬಹುದೆಂಬುದಕ್ಕೆ ನಿದರ್ಶನ. ಅಲ್ಲಿ ದಾಖಲೆಯನ್ನು ಕೈಬಿಡಬೇಕಾಗಿ ಬರಲಿಲ್ಲ. ಅದನ್ನು ಓದುವ ನಿಯಮಗಳನ್ನು ಬಿಗಿಗೊಳಿಸಬೇಕಾಗಿ ಬಂದಿತು.

5

ಇನ್ನು ಪ್ರಕಟವಾದ ಪ್ರಯೋಗಗಳಲ್ಲಿ ಕೆಲವನ್ನು ನೋಡೋಣ. ಉಷ್ಣಚಿತ್ರದ ಪರವಾಗಿ ಹೆಚ್ಚಾಗಿ ಉದಾಹರಿಸಲ್ಪಡುವುದು ಕೆನಡಾದ ಆಲ್ಬರ್ಟಾ ಪ್ರಾಂತದ ಲಕೋಂಬ್ ಸಂಶೋಧನ ಕೇಂದ್ರದ ಶೇಫರ್ ಮತ್ತು ಅವರ ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಕೆಲಸ. ಅವರು ಕರುಗಳಿಗೆ ವೈರಸ್ ಭೇದಿಯ ಸೋಂಕನ್ನು ಹಾಯಿಸಿ, ಮುಖದ ಮತ್ತು ಕಣ್ಣಿನ ಭಾಗದ ಉಷ್ಣಚಿತ್ರಗಳನ್ನು ದಿನದಿನವೂ ತೆಗೆದರು. ಇತರ ಲಕ್ಷಣಗಳು ತೋರುವ ಕೆಲವು ದಿನಗಳಿಂದ ಒಂದು ವಾರದಷ್ಟು ಮೊದಲೇ ಶಾಖ ಏರಿದ್ದು ಕಂಡುಬಂದಿತು. ಬೆಲೆಯುಳ್ಳ ಕೆಲಸ ಇದು. ಆದರೆ ಇದರ ಎರಡು ಮಿತಿಗಳನ್ನು ನೆನಪಿಡಬೇಕು. ಯಾವ ದಿನ ಸೋಂಕು ತಗುಲಿತೆಂಬುದು ಇಲ್ಲಿ ಪ್ರಯೋಗಕಾರರಿಗೆ ಮೊದಲೇ ಗೊತ್ತಿತ್ತು. ಪ್ರತಿಯೊಂದು ಕರುವಿನ ಹಿಂದಿನ ದಿನಗಳ ಶಾಖವೂ ಅವರ ಕೈಯಲ್ಲಿತ್ತು. ಕೊಟ್ಟಿಗೆಯಲ್ಲಿ ಇವೆರಡೂ ಇರುವುದಿಲ್ಲ. ಅದೇ ತಂಡವು 2012ರಲ್ಲಿ ಪ್ರಕಟಿಸಿದ ಇನ್ನೊಂದು ಕೆಲಸದಲ್ಲಿ, ನೀರು ಕುಡಿಯಲು ಬರುವ ಪ್ರತಿಯೊಂದು ಕರುವನ್ನೂ ಅದರ ಕಿವಿಯೋಲೆಯಿಂದ ಗುರುತಿಸಿ ತಾನಾಗಿಯೇ ಚಿತ್ರ ತೆಗೆಯುವ ಏರ್ಪಾಟನ್ನು ಮಾಡಿ ಎರಡನೆಯ ಕೊರತೆಯನ್ನು ತುಂಬಲು ಯತ್ನಿಸಿತು. ಇದು ಸರಿಯಾದ ದಾರಿ.

ಕಾಲುಬಾಯಿ ರೋಗವನ್ನು ಕುರಿತು ಅಮೆರಿಕದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವು ತನ್ನ ಮಿತಿಯನ್ನು ಸಂಖ್ಯೆಗಳಲ್ಲಿ ಪ್ರಾಮಾಣಿಕವಾಗಿ ಕೊಟ್ಟಿದೆ. ಕಾಲಿನ ಗರಿಷ್ಠ ಶಾಖಕ್ಕೆ 34.4 ಡಿಗ್ರಿಯ ಗಡಿಯನ್ನು ಗೊತ್ತುಮಾಡಿದಾಗ, ಹುಣ್ಣು ಕಾಣುವ ಮೊದಲೇ ಸೋಂಕಿತ ದನಗಳನ್ನು ಹಿಡಿಯುವ ಶಕ್ತಿ ನೂರಕ್ಕೆ 61.1, ಆರೋಗ್ಯವಂತ ದನವನ್ನು ಆರೋಗ್ಯವಂತವೆಂದೇ ಹೇಳುವ ಶಕ್ತಿ ನೂರಕ್ಕೆ 87.7. ಬಳಿಕ 2011ರಲ್ಲಿ ಇಂಗ್ಲೆಂಡಿನ ಪರ್ಬ್ರೈಟ್ ಸಂಸ್ಥೆಯ ಸಂಶೋಧಕರು ಆರೋಗ್ಯವಂತ ದನಗಳ ಚಿತ್ರಗಳನ್ನೇ ಪರೀಕ್ಷಿಸಿ, ಹವೆ ಬದಲಾದಂತೆ ಗೊರಸಿನ ಶಾಖ ಬಹಳವಾಗಿ ಏರಿಳಿಯುವುದನ್ನೂ, ಕಣ್ಣಿನ ಶಾಖ ಅಷ್ಟಾಗಿ ಬದಲಾಗದಿರುವುದನ್ನೂ ತೋರಿಸಿದರು. ಹವೆಯೇ 40 ಡಿಗ್ರಿಯನ್ನು ಮುಟ್ಟುವ ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ 34.4 ಎಂಬ ಗಡಿಗೆ ಅರ್ಥ ಉಳಿಯಲಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೂರನೆಯದು ಕೆಚ್ಚಲು ಬಾವಿನ ವಿಷಯ. ಫಿನ್‌ಲೆಂಡಿನ ಹೋವಿನೆನ್ ಮತ್ತು ಸಂಗಡಿಗರ 2008ರ ಪ್ರಯೋಗದಲ್ಲಿ ಆರು ಹಸುಗಳ ಕೆಚ್ಚಲಿನ ಒಂದು ಭಾಗಕ್ಕೆ ರೋಗಾಣುವಿನ ವಿಷವನ್ನು ಹಾಯಿಸಿ ಬಾವು ಬರಿಸಲಾಯಿತು. ಕ್ಯಾಮರಾ 1ರಿಂದ 1.5 ಡಿಗ್ರಿಯ ಏರಿಕೆಯನ್ನು ಗುರುತಿಸಿತು. ಆದರೆ ಶಾಖ ಏರಿದ್ದು ಬಾವು ಬಂದ ಭಾಗದಲ್ಲಿ ಮಾತ್ರವಲ್ಲ, ಹೋಲಿಕೆಗೆಂದು ಇಟ್ಟುಕೊಂಡ ಭಾಗದಲ್ಲಿಯೂ. ಎಂದರೆ ಕ್ಯಾಮರಾ ಕಂಡದ್ದು ಇಡೀ ಮೈಯ ಜ್ವರವನ್ನು. ಅದಕ್ಕಿಂತ ಮುಖ್ಯವಾಗಿ, ಕೆಚ್ಚಲಿನ ಮೇಲಿನ ಲಕ್ಷಣಗಳು ಶಾಖ ಏರುವುದಕ್ಕೆ ಮುಂಚೆಯೇ ಕಾಣಿಸಿಕೊಂಡಿದ್ದುವು. ಹಾಲು ಕರೆಯುವವರ ಕೈ ಈ ಪ್ರಸಂಗದಲ್ಲಿ ಕ್ಯಾಮರಾಕ್ಕಿಂತ ಮುಂದಿತ್ತು. ಹಾಗೆಂದು ಪ್ರಶ್ನೆ ಮುಗಿಯಲಿಲ್ಲ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನ ಸಂಸ್ಥೆಯ ದಕ್ಷಿಣ ಕೇಂದ್ರದ ವಿಜ್ಞಾನಿಗಳು 2016ರಲ್ಲಿ ಮಿಶ್ರತಳಿಯ ಹಸುಗಳ ಮೈಶಾಖಕ್ಕೂ ಕೆಚ್ಚಲಿನ ಚರ್ಮದ ಶಾಖಕ್ಕೂ ಇರುವ ಅಂತರವನ್ನೇ ಬಾವಿನ ಸೂಚನೆಯಾಗಿ ಬಳಸಬಹುದೇ ಎಂದು ಪರೀಕ್ಷಿಸಿ, ಅದರ ಉಪಯುಕ್ತತೆಯನ್ನು ಪ್ರತಿಪಾದಿಸಿದ್ದಾರೆ. ಬಿಡಿ ಸಂಖ್ಯೆಯನ್ನು ಬಿಟ್ಟು ಅಂತರವನ್ನು ಹಿಡಿದುದು ಮೇಲೆ ಹೇಳಿದ ತತ್ತ್ವಕ್ಕೆ ಅನುಗುಣವಾಗಿದೆ. ಕಣ್ಣಿಗೆ ಏನೂ ತೋರದ, ಹಾಲು ಮಾತ್ರ ಕೆಡುವ ಬಾವಿನಲ್ಲಿ ಇಂಥ ಸೂಚನೆಗೆ ಬೆಲೆಯುಂಟು.

6

ಮೇಲಿನ 61.1 ಮತ್ತು 87.7 ಎಂಬ ಸಂಖ್ಯೆಗಳ ಅರ್ಥವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಸೀಮೆಯಲ್ಲಿ ಸಾವಿರ ದನಗಳಿವೆ, ಅವುಗಳಲ್ಲಿ ಹತ್ತಕ್ಕೆ ಸೋಂಕು ತಗುಲಿದೆ ಎಂದು ಭಾವಿಸೋಣ. ಕ್ಯಾಮರಾ ಆ ಹತ್ತರಲ್ಲಿ ಆರನ್ನು ಹಿಡಿಯುತ್ತದೆ, ನಾಲ್ಕನ್ನು ಬಿಡುತ್ತದೆ. ಉಳಿದ 990 ಆರೋಗ್ಯವಂತ ದನಗಳಲ್ಲಿ ಸುಮಾರು 122ನ್ನು ರೋಗಿಗಳೆಂದು ತೋರಿಸುತ್ತದೆ. ಹೀಗೆ ಬೆರಳು ತೋರಿಸಲ್ಪಟ್ಟ 128 ದನಗಳಲ್ಲಿ ನಿಜವಾಗಿ ಸೋಂಕುಳ್ಳವು ಆರು ಮಾತ್ರ. ಈ 128ನ್ನು ಬೇರ್ಪಡಿಸಿ ವೈದ್ಯರು ಪರೀಕ್ಷಿಸುವುದಾದರೆ ಕ್ಯಾಮರಾ ಅವರ ಕೆಲಸವನ್ನು ಸಾವಿರದಿಂದ ನೂರಿಪ್ಪತ್ತೆಂಟಕ್ಕೆ ಇಳಿಸಿತು, ಅದು ಉಪಕಾರವೇ. ಚಿತ್ರವನ್ನೇ ಕಡೆಯ ತೀರ್ಪೆಂದು ಹಿಡಿದರೆ ನಿರಪರಾಧಿಗಳಾದ 122 ದನಗಳಿಗೆ ಶಿಕ್ಷೆಯಾಯಿತು, ನಾಲ್ಕು ಸೋಂಕಿತ ದನಗಳು ಸಂತೆಗೆ ಹೋದುವು.

ಇದು ಬರಿಯ ಲೆಕ್ಕವಲ್ಲ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಹಬ್ಬಿದಾಗ ಅರುವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಲಾಯಿತು. ಅವುಗಳಲ್ಲಿ ಬಹುಪಾಲು ರೋಗ ಖಚಿತವಾದುವಲ್ಲ. ನೆರೆಯ ಹೊಲದಲ್ಲಿದ್ದುವು, ಸಂಶಯಕ್ಕೆ ಒಳಗಾದುವು, ಸಾಗಾಣಿಕೆ ನಿಂತು ಮೇವಿಲ್ಲದೆ ಸಂಕಟಪಟ್ಟುವು. ಸಂಶಯಕ್ಕೆ ಇಷ್ಟು ಬೆಲೆ ತೆರಬೇಕಾದ ಸಂದರ್ಭದಲ್ಲಿ, ಸಂಶಯವನ್ನು ಬೇಗ ಹುಟ್ಟಿಸುವ ಉಪಕರಣಕ್ಕಿಂತ ಬೇಗ ಪರಿಹರಿಸುವ ಉಪಕರಣದ ಅಗತ್ಯ ಹೆಚ್ಚು. ನಮ್ಮ ದೇಶದಲ್ಲಿ ಈ ರೋಗಕ್ಕೆ ವಧೆಯ ಮಾರ್ಗವನ್ನು ಹಿಡಿದಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಲಸಿಕೆಯನ್ನು ಅವಲಂಬಿಸಿದೆ. ಆದರೂ ಎರಡು ಹಸುಗಳನ್ನು ನಂಬಿ ಸಂಸಾರ ನಡೆಸುವ ಮನೆಯಲ್ಲಿ, ತಪ್ಪು ಸಂಶಯದಿಂದ ಹತ್ತು ದಿನ ಡೈರಿಗೆ ಹಾಲು ಹಾಕದಿರುವುದು ಸಣ್ಣ ನಷ್ಟವಲ್ಲ.

7

ಈಗ ಮೂರನೆಯ ವಾದದ ಬಗ್ಗೆ ತೀರ್ಮಾನಕ್ಕೆ ಬರಬಹುದು. ಚಿತ್ರವು ಸಂಖ್ಯೆಯನ್ನು ಕೊಡುತ್ತದೆಂಬುದು ನಿಜ. ಆ ಸಂಖ್ಯೆ ಹೆಚ್ಚೋ ಕಡಮೆಯೋ ಎಂದು ಹೇಳಬೇಕಾದರೆ ಆ ಹಸು ನಿನ್ನೆ ಹೇಗಿತ್ತು, ಎಲ್ಲಿ ನಿಂತಿತ್ತು, ಬೆದೆಗೆ ಬಂದಿದೆಯೇ, ಆಗತಾನೆ ನಡೆದು ಬಂದಿತೇ ಎಂಬುದೆಲ್ಲ ಗೊತ್ತಿರಬೇಕು. ಈ ತಿಳಿವಳಿಕೆ ಇರುವುದು ಸಾಕುವವರಲ್ಲಿ. ಲಕೋಂಬಿನ ಏರ್ಪಾಟು ಯಶಸ್ವಿಯಾದುದು ಈ ತಿಳಿವಳಿಕೆಯನ್ನು ಕೈಬಿಟ್ಟುದರಿಂದಲ್ಲ, ಅದರ ಒಂದು ಭಾಗವನ್ನು ಯಂತ್ರದ ನೆನಪಿಗೆ ಒಪ್ಪಿಸಿದುದರಿಂದ. ನೂರಾರು ಕರುಗಳನ್ನು ಒಟ್ಟಿಗೆ ಕೂಡಿಹಾಕುವ, ಒಂದೊಂದನ್ನೂ ಬಲ್ಲವರಿಲ್ಲದ ದೊಡ್ಡ ದೊಡ್ಡಿಗಳಲ್ಲಿ ಅದರ ಅಗತ್ಯವಿದೆ. ಪ್ರತಿಯೊಂದು ಹಸುವಿಗೂ ಹೆಸರಿರುವ ಕೊಟ್ಟಿಗೆಯಲ್ಲಿ ಉಪಕರಣದ ಪಾತ್ರ ಬೇರೆಯಾಗಿರಬೇಕು. ಅಲ್ಲಿ ಅದು ಮನೆಯವರ ಸಂಶಯವನ್ನು ಪರೀಕ್ಷಿಸಲು ಪಶುವೈದ್ಯರ ಕೈಯಲ್ಲಿರಬೇಕಾದ ಸಾಧನವೇ ಹೊರತು ಆ ಮನೆಯವರ ಮಾತನ್ನು ತಳ್ಳಿಹಾಕುವ ಸಾಧನವಲ್ಲ.

ಆದುದರಿಂದ ಈ ವಿಷಯವಾಗಿ ಮುಂದೆ ಬರುವ ಪ್ರಬಂಧಗಳನ್ನು ಓದುವವರು ನಾಲ್ಕು ಪ್ರಶ್ನೆಗಳನ್ನು ಕೇಳುವುದು ಉಚಿತ. ರೋಗಿಗಳಲ್ಲದೆ ಆರೋಗ್ಯವಂತ ಪ್ರಾಣಿಗಳನ್ನು ಎಷ್ಟು ಸಂಖ್ಯೆಯಲ್ಲಿ ಪರೀಕ್ಷಿಸಲಾಯಿತು? ಯಾವ ಋತುವಿನಲ್ಲಿ, ಯಾವ ತಳಿಯ ಮೇಲೆ ಪ್ರಯೋಗ ನಡೆಯಿತು? ಚಿತ್ರವನ್ನು ಓದಿದವರಿಗೆ ಯಾವುದು ರೋಗಿ ಎಂಬುದು ಮೊದಲೇ ತಿಳಿದಿತ್ತೇ? ಆ ಪ್ರಾಣಿಯನ್ನು ದಿನವೂ ನೋಡುವವರು ಕ್ಯಾಮರಾಕ್ಕಿಂತ ಮುಂಚೆ ಏನನ್ನು ಕಂಡಿದ್ದರು? ಈ ಕಡೆಯ ಪ್ರಶ್ನೆಗೆ ಪ್ರಬಂಧಗಳಲ್ಲಿ ಉತ್ತರ ದೊರೆಯುವುದು ಅಪರೂಪ. ನಮ್ಮ ನಾಡಿನ ಹಳ್ಳಿಕಾರ್, ದೇವಣಿ ತಳಿಗಳ ಮೇಲೆಯೂ ಎಮ್ಮೆಗಳ ಮೇಲೆಯೂ ವರ್ಷದ ಎಲ್ಲ ಋತುಗಳಲ್ಲಿ, ಸಾಕುವವರ ಹೇಳಿಕೆಗಳನ್ನೂ ಉಷ್ಣಚಿತ್ರಗಳನ್ನೂ ದಿನಾಂಕಸಹಿತ ಒಟ್ಟಿಗೆ ದಾಖಲಿಸುವ ಕೆಲಸ ನಡೆದರೆ, ಅದು ಪಶುವೈದ್ಯಕ್ಕೂ ಮುಂದಿನ ಇತಿಹಾಸಕಾರರಿಗೂ ಸಮಾನವಾಗಿ ಉಪಯುಕ್ತವಾದೀತು.